ಕೈಪಿಡಿಯ ಧರ್ಮ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂಬುದು ಪೂರ್ವಿಕರ ನಂಬುಗೆ. ಗುರುವಿಲ್ಲದೆ ಬರಿಯ ಪುಸ್ತಕವನ್ನು ನೋಡಿ ಕಲಿತವನನ್ನು ಪಾಠಶಾಲೆಗಳಲ್ಲಿ ಪಂಡಿತನೆಂದು ಗಣಿಸುತ್ತಿರಲಿಲ್ಲ. ಇಂದಾದರೋ ಗಣಕಯಂತ್ರವನ್ನು ನಡೆಯಿಸುವುದು, ಮೊಬೈಲಿನಿಂದ ಹಣವನ್ನು ಕಳುಹಿಸುವುದು ಮೊದಲಾದ ನೂರು ಕೆಲಸಗಳನ್ನು ಕಲಿಸುವ ಕೈಪಿಡಿಗಳು ದೊರೆಯುತ್ತವೆ. ಕಾಣದ ಗುರುವಿನಿಂದ ಕಾಣದ ಶಿಷ್ಯನು ಹೀಗೆ ಕಲಿಯುವುದು ಯುಕ್ತವೆ? ಯುಕ್ತವಾದರೆ ಕೈಪಿಡಿಯನ್ನು ಬರೆಯುವವನ ಧರ್ಮವೇನು?

ಯುಕ್ತವಲ್ಲವೆಂಬವರು ಬೀದರಿನ ಬಿದರಿ ಕೆಲಸವನ್ನು ತೋರಿಸುವರು. ಸತುವಿಗೆ ಸ್ವಲ್ಪ ತಾಮ್ರವನ್ನು ಸೇರಿಸಿ ಪಾತ್ರೆಯನ್ನು ಎರಕ ಹೊಯ್ದು, ಚಿತ್ತಾರವನ್ನು ಕೊರೆದು, ಅದರಲ್ಲಿ ಬೆಳ್ಳಿಯನ್ನು ಕೂರಿಸಿ, ಕಡೆಯಲ್ಲಿ ಹಳೆಯ ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರಸಿ ಹಚ್ಚಿದರೆ ಪಾತ್ರೆಯು ಕಪ್ಪಾಗಿ ಬೆಳ್ಳಿಯು ಬೆಳ್ಳಗೇ ಉಳಿಯುತ್ತದೆ. ಇಷ್ಟನ್ನು ಯಾರಾದರೂ ಬರೆದಾರು. ಆದರೆ ಮಣ್ಣು ಯೋಗ್ಯವೋ ಅಲ್ಲವೋ ಎಂಬುದನ್ನು ಕುಶಲಿಯಾದ ಕೆಲಸಗಾರನು ನಾಲಗೆಗೆ ಮುಟ್ಟಿಸಿ ಅರಿಯುತ್ತಾನೆ. ಆ ರುಚಿಯನ್ನು ಯಾವ ಪುಟದಲ್ಲಿ ಬರೆಯಲಾದೀತು?

ಈ ಆಕ್ಷೇಪವು ಗ್ರಂಥದ ಎಲ್ಲೆಯನ್ನು ತೋರಿಸುವುದೇ ಹೊರತು ಅದರ ವ್ಯರ್ಥತೆಯನ್ನಲ್ಲ. ಇಮ್ಮಡಿ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರಲ್ಲಿ, ಚಾವುಂಡರಾಯನು ಅಂತರ್ಜಲದ ಗುರುತು, ವೃಕ್ಷಪೋಷಣೆ, ಪಾಕ, ಔಷಧ ಇವುಗಳನ್ನು ಕನ್ನಡದಲ್ಲಿ ತಿಳಿಸಿ ಆ ಗ್ರಂಥಕ್ಕೆ ‘ಲೋಕೋಪಕಾರ’ವೆಂದು ಹೆಸರಿಟ್ಟನು. ಚಾಲುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಇಂದಿನ ಬಸವಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳನ್ನು ಸಂಸ್ಕೃತದಲ್ಲಿ ರಚಿಸಿದನು. ಗುರುವು ಶಿಷ್ಯನನ್ನು ಆರಿಸುತ್ತಾನೆ. ಗ್ರಂಥವು ಓದುಗನನ್ನು ಆರಿಸುವುದಿಲ್ಲ. ಕುಲವನ್ನು ಕೇಳಿ ತೆರೆಯುತ್ತಿದ್ದ ಬಾಗಿಲುಗಳ ಹೊರಗೆ ಎಷ್ಟು ಜನ ನಿಂತಿದ್ದರೆಂಬುದನ್ನು ನೆನೆದರೆ ಇದು ಅಲ್ಪವಾದ ಗುಣವಲ್ಲ. ಓದಬಲ್ಲವನಿಗೆ ತಿಳಿಯುವ ಭಾಷೆಯಲ್ಲಿ ಅದು ಇರಬೇಕೆಂಬುದೊಂದೇ ನಿಯಮ.

ಆ ನಿಯಮವು ತಪ್ಪಿದಲ್ಲಿ ಏನಾಗುವುದೆಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ದುಬಲಗುಂಡಿಯಂತಹ ಊರಿನಲ್ಲಿ ವೃದ್ಧನೊಬ್ಬನ ಪಿಂಚಣಿಯು ಬ್ಯಾಂಕಿಗೆ ಬರುತ್ತದೆನ್ನೋಣ. ಅವನ ಕೈಯಲ್ಲಿ ಹೊಸ ಮೊಬೈಲು. ಅದರೊಡನೆ ಬಂದ ಹಾಳೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು. ಅವನು ಮೊಬೈಲನ್ನೂ ತನ್ನ ಗುಪ್ತಸಂಖ್ಯೆಯನ್ನೂ ಪಕ್ಕದ ಮನೆಯ ಹುಡುಗನಿಗೆ ಒಪ್ಪಿಸುತ್ತಾನೆ. ಹುಡುಗನು ಸಜ್ಜನನಾದರೆ ಸರಿ, ಆಗದಿದ್ದರೆ? ಸಜ್ಜನನೇ ಆದರೂ, ಗೃಹಸ್ಥನಾಗಿ ಬಾಳಿದವನು ತನ್ನ ಹಣವೆಷ್ಟೆಂದು ತಿಳಿಯಲು ಪರರ ಬಿಡುವನ್ನು ಕಾಯಬೇಕಾಯಿತು. ಅರಿಯದಿರುವುದು ಇಲ್ಲಿ ಬರಿಯ ಕೊರತೆಯಲ್ಲ, ಪರಾಧೀನತೆ. ಅದನ್ನು ನೀಗುವ ಪುಸ್ತಕವು ಒಂದು ಬಗೆಯ ಅಭಯದಾನ.

ದಾನಕ್ಕೂ ವಿಧಿಗಳುಂಟು. ತನ್ನ ಕೈಯಿಂದ ಮಾಡಿನೋಡದುದನ್ನು ಬರೆಯಬಾರದು. ತನಗೆ ಸುಲಭವೆಂದು ಒಂದು ಹಂತವನ್ನೂ ಬಿಡಬಾರದು. ಹೊಸಬನು ಎಡವುವುದು ಅಲ್ಲಿಯೇ. ತಪ್ಪಿದರೆ ಹಿಂದಿರುಗುವ ದಾರಿಯನ್ನು ಹೇಳಬೇಕು. ಯಂತ್ರಗಳು ಬೇಗ ಮಾರ್ಪಡುವುದರಿಂದ ಯಾವ ವರ್ಷದ ಮಾತೆಂಬುದನ್ನು ಸ್ಪಷ್ಟಪಡಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಮಣ್ಣಿನ ರುಚಿಯಂತೆ ಯಾವುದನ್ನು ತಾನು ಕಲಿಸಲಾರೆನೆಂಬುದನ್ನು ಒಪ್ಪಿಕೊಳ್ಳಬೇಕು. ಹತ್ತು ದಿನಗಳಲ್ಲಿ ಪ್ರವೀಣರಾಗುವಿರೆಂದು ಮುಖಪುಟದಲ್ಲಿ ಅಚ್ಚು ಹಾಕಿಸುವವನು, ಕಲಿಯಲಾರದವನಿಗೆ ತನ್ನ ಬುದ್ಧಿಯೇ ಮಂದವೆಂಬ ನಾಚಿಕೆಯನ್ನು ಮಾರುತ್ತಾನೆ.

ಕಲಿತವನಿಗೂ ಋಣವಿದೆ. ಕಾಣದ ಗುರುವಿಗೆ ದಕ್ಷಿಣೆಯನ್ನು ಸಲ್ಲಿಸಲಾಗದು. ಎದುರಿಗಿರುವ ಇನ್ನೊಬ್ಬನಿಗೆ ಕಲಿಸಿಯೇ ಅದನ್ನು ತೀರಿಸಬೇಕು. ಹಿರಿಯರ ಕೈಯಿಂದ ಯಂತ್ರವನ್ನು ತೆಗೆದುಕೊಂಡು ಕ್ಷಣದಲ್ಲಿ ಕೆಲಸ ಮುಗಿಸಿಕೊಡುವುದು ಉಪಕಾರದಂತೆ ಕಂಡರೂ ಅವರನ್ನು ಇದ್ದಲ್ಲಿಯೇ ಇರಿಸುತ್ತದೆ. ಅವರ ಬೆರಳೇ ಒತ್ತುವವರೆಗೆ ಕಾಯುವ ತಾಳ್ಮೆಯೇ ನಿಜವಾದ ದಕ್ಷಿಣೆ. ಕೈಪಿಡಿಯೆಂಬ ಮಾತಿನಲ್ಲಿಯೇ ಕೈಹಿಡಿಯುವ ಅರ್ಥವಿದೆ. ಹಿಡಿದ ಕೈಯನ್ನು ಸಕಾಲದಲ್ಲಿ ಬಿಡುವುದು ಅದರ ಧರ್ಮ.