ಮಿಕ್ಕ ತುಂಡುಗಳೂ ನಮ್ಮ ಮನಸ್ಸಾಕ್ಷಿಯೂ



ನಮ್ಮ ಕರ್ತನು ಐದು ರೊಟ್ಟಿ ಎರಡು ಮೀನುಗಳಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ವೃತ್ತಾಂತವು ಸಭೆಯ ಚಿಕ್ಕ ಮಕ್ಕಳಿಗೂ ತಿಳಿದೇ ಇದೆ. ಆದರೆ ಅದರ ಕೊನೆಯ ಭಾಗವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಬೇಕಾದಷ್ಟು ರೊಟ್ಟಿಯನ್ನು ಉಂಟುಮಾಡಲು ಶಕ್ತನಾದಾತನು ಮಿಕ್ಕ ತುಂಡುಗಳನ್ನು ಕೂಡಿಸಬೇಕೆಂದು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಸಮೃದ್ಧಿಯನ್ನು ಕೊಡುವಾತನಿಗೆ ತುಂಡುಗಳ ಚಿಂತೆ ಯಾಕೆ? ಈ ಪ್ರಶ್ನೆಯು ಹೋದ ಮಳೆಗಾಲದಲ್ಲಿ ಒಂದು ಮುರಿದ ಕಪಾಟಿನ ನಿಮಿತ್ತ ನನಗೆ ಹೊಸದಾಗಿ ಎದುರಾಯಿತು.

ಯಲಹಂಕದ ಕಡೆಯ ನಮ್ಮ ಚಿಕ್ಕ ಸಭೆಯಲ್ಲಿ ಗೀತಪುಸ್ತಕಗಳನ್ನು ಇಡುವದಕ್ಕೆ ಅಗ್ಗದ ಬೆಲೆಗೆ ಒಂದು ಕಪಾಟನ್ನು ಕೊಂಡಿದ್ದೆವು. ಹೊರಗೆ ಅದು ತೇಗದಂತೆ ಹೊಳೆಯುತ್ತಿತ್ತು. ಒಳಗೆ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಎರಡೇ ಮಳೆಗಾಲಗಳಲ್ಲಿ ಗೋಡೆಯ ತೇವಕ್ಕೆ ಉಬ್ಬಿ ಒಡೆಯಿತು. ಏನೂ ಹಾಳಾಗಬಾರದೆಂದು ಬೋಧಿಸುವ ಉಪದೇಶಿಯಾದ ನಾನು ಆ ತುಂಡುಗಳಲ್ಲಿ ಕೆಲವನ್ನು ಒಬ್ಬ ವಿಧವೆಗೆ ಸೌದೆಯಾಗಿ ಕೊಟ್ಟು, ಧರ್ಮಕಾರ್ಯ ಮಾಡಿದೆನೆಂದು ಸಂತೋಷಪಟ್ಟೆನು. ಮರುದಿನ ಆಕೆ ಬಂದು, “ಅಯ್ಯನವರೇ, ಆ ಸೌದೆಯ ಹೊಗೆಗೆ ಕಣ್ಣು ಬಿಡಲಾಗಲಿಲ್ಲ, ಮೊಮ್ಮಗು ರಾತ್ರಿಯೆಲ್ಲಾ ಕೆಮ್ಮಿತು. ಉಳಿದದ್ದನ್ನು ಏನು ಮಾಡಲಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ತುಂಡುಗಳನ್ನು ಕೂಡಿಸಿದ್ದೆನು; ಅವು ಏನೆಂಬದನ್ನು ವಿಚಾರಿಸಿರಲಿಲ್ಲ.

ಹಾಗೆ ವಿಚಾರಿಸುವದನ್ನೇ ಜೀವಮಾನದ ಕೆಲಸವಾಗಿ ಮಾಡಿಕೊಂಡವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಯಶವಂತಪುರದ ಬಳಿ, ತುಮಕೂರು ರಸ್ತೆಯಲ್ಲಿ, ಪ್ಲೈವುಡ್ ಉದ್ಯಮಕ್ಕಾಗಿ 1962ರಲ್ಲಿ ಸ್ಥಾಪಿತವಾದ ಸಂಶೋಧನಾಲಯವಿದೆ. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನದ ಸಂಸ್ಥೆಯು 1938ರಲ್ಲಿ ಮೈಸೂರು ಸಂಸ್ಥಾನದವರು ತೆರೆದ ಅರಣ್ಯ ಪ್ರಯೋಗಶಾಲೆಯಿಂದ ಬೆಳೆದದ್ದು. ಮರವನ್ನು ತೆಳ್ಳಗಿನ ಹಾಳೆಗಳಾಗಿ ಸುಲಿದು, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗಿ ಬರುವಂತೆ ಅಂಟಿಸಿದರೆ, ಒಂದು ಹಾಳೆಯ ಬಲಹೀನತೆಯನ್ನು ಮತ್ತೊಂದು ಹೊರುತ್ತದೆ. ಇದೇ ಪ್ಲೈವುಡ್ಡಿನ ಗುಟ್ಟು. ಯಶವಂತಪುರದ ವಿಜ್ಞಾನಿಗಳು ಬಿದಿರಿನ ಚಾಪೆಗಳನ್ನೂ ಅಂಟಿನಲ್ಲಿ ಅದ್ದಿ, ಒಣಗಿಸಿ, ಬಿಸಿಯಾದ ಯಂತ್ರದಲ್ಲಿ ಒತ್ತಿ, ಹಲಗೆಗಳನ್ನೂ ಮನೆಯ ಮೇಲೆ ಹೊದಿಸುವ ಅಲೆಅಲೆಯಾದ ತಗಡಿನಂಥ ಹಾಳೆಗಳನ್ನೂ ಮಾಡುವ ವಿಧಾನವನ್ನು ಕಂಡುಹಿಡಿದರು. ಹೀಗೆ ಬಡವರು ಕೈಯಿಂದ ಹೆಣೆದ ಚಾಪೆಯು ಮನೆಗೆ ಮಾಡಾಯಿತು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಮುಟ್ಟಿದ್ದು ಅವರು ಮಾಡುವ ಪರೀಕ್ಷೆ. ಕುದಿನೀರಿಗೂ ಜಗ್ಗದೆಂದು ಹೇಳಿಕೊಳ್ಳುವ ಪ್ಲೈವುಡ್ಡಿನ ತುಂಡನ್ನು 72 ಗಂಟೆಗಳ ಕಾಲ, ಅಂದರೆ ಪೂರಾ ಮೂರು ದಿವಸ, ಕುದಿಯುವ ನೀರಿನಲ್ಲಿ ಇಡುತ್ತಾರೆ. ಆಮೇಲೆ ಪದರಗಳ ನಡುವೆ ಅಲಗನ್ನು ತೂರಿಸಿ ಎಬ್ಬಿಸುತ್ತಾರೆ. ಅಂಟು ಬಿಟ್ಟರೆ ಹಲಗೆಯು ತಪ್ಪಿತು. ಅದರ ಮೇಲಣ ಹೊಳಪು ಆ ದಿನ ಪ್ರಯೋಜನಕ್ಕೆ ಬರುವದಿಲ್ಲ.

ಇಲ್ಲಿ ಒಬ್ಬನು ಹೀಗೆ ಆಕ್ಷೇಪಿಸಬಹುದು: ಚೂರುಗಳಿಂದಲೂ ಹಲಗೆಯಾಗುವದಾದರೆ ಮರವನ್ನು ಕುರಿತು ಚಿಂತೆ ಯಾಕೆ? ಮುರಿದರೆ ತಿರಿಗಿ ಮಾಡೋಣ. ಈ ಮಾತು ಜಾಣತನವಾಗಿ ಕಂಡರೂ ಸತ್ಯವಲ್ಲ. ಇಂಥ ಹಲಗೆಗಳಿಗೆ ಸಾಮಾನ್ಯವಾಗಿ ಹಾಕುವ ಅಂಟು ಫಾರ್ಮಾಲ್ಡಿಹೈಡ್ ಎಂಬ ದ್ರವ್ಯದಿಂದಾದದ್ದು. ಅದು ಕ್ಯಾನ್ಸರ್ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನಾ ಮಂಡಲಿಯು 2004ರಲ್ಲಿ ನಿರ್ಣಯಿಸಿತು. ಅಲ್ಲದೆ, ಒಂದಾವರ್ತಿ ಗಟ್ಟಿಯಾದ ಆ ಅಂಟನ್ನು ಮೇಣದ ಹಾಗೆ ಕರಗಿಸಿ ಹೊಸದಾಗಿ ಉಪಯೋಗಿಸಲಾಗದು. ಹಸಿ ಮಣ್ಣನ್ನು ಎಷ್ಟು ಸಾರಿಯಾದರೂ ಕಲಸಬಹುದು. ಸುಟ್ಟ ಹೆಂಚನ್ನು ನೀರಿಗೆ ಹಾಕಿದರೆ ತಿರಿಗಿ ಜೇಡಿಯಾಗುವದೋ? ಅಂಟಿಸಿದ ಹಲಗೆಯೂ ಹಾಗೆಯೇ. ಅದನ್ನು ಪುಡಿಮಾಡಿ ಬೇರೆ ಹಲಗೆಗೆ ಬೆರಸಬಹುದಾದರೂ ಹಳೆಯ ಅಂಟು ಅದರ ಸಂಗಡಲೇ ಬರುತ್ತದೆ. ಮರದೊಳಗೆ ದೇವರು ಇಟ್ಟ ಅಂಟೂ ಉಂಟು. ಅದಕ್ಕೆ ಲಿಗ್ನಿನ್ ಎಂದು ಹೆಸರು. ಅದು ನೂರು ವರುಷ ಮರವನ್ನು ನಿಲ್ಲಿಸಿ, ಬಿದ್ದ ಮೇಲೆ ಮೆಲ್ಲಗೆ ಮಣ್ಣಾಗುತ್ತದೆ. ಲಿಗ್ನಿನ್ನಿನಿಂದಲೂ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಲೂ ಹೊಸ ಅಂಟುಗಳನ್ನು ಮಾಡಲು ವಿಜ್ಞಾನಿಗಳು ಪ್ರಯಾಸಪಡುತ್ತಾ ಇದ್ದಾರೆ.

ಹೀಗಿರಲಾಗಿ ತುಂಡುಗಳನ್ನು ಕೂಡಿಸುವದು ಹಾಳುಮಾಡುವದಕ್ಕೆ ಅಪ್ಪಣೆಚೀಟಿಯಲ್ಲ. ಶಿಷ್ಯರು ರೊಟ್ಟಿಯನ್ನು ನೆಲಕ್ಕೆ ಚೆಲ್ಲಿ ಆಮೇಲೆ ಆರಿಸಿದವರಲ್ಲ. ಜನರು ತೃಪ್ತರಾದ ಮೇಲೆ ಮಿಕ್ಕದ್ದನ್ನು ಕೂಡಿಸಿದರು. ಮತ್ತು ಅವರ ಪುಟ್ಟಿಗಳಲ್ಲಿದ್ದದ್ದು ಇನ್ನೊಬ್ಬನು ಹೆದರದೆ ತಿನ್ನಬಹುದಾದ ರೊಟ್ಟಿಯಾಗಿತ್ತು. ನಮ್ಮ ಮಿಗಿಲನ್ನು ಬಡವಳ ಒಲೆಗೆ ವಿಷವಾಗಿ ದಾಟಿಸಿ, ಅದಕ್ಕೆ ಮಿತವ್ಯಯವೆಂತಲೂ ದಾನವೆಂತಲೂ ಹೆಸರಿಡುವದು ಕಪಟವೇ ಸರಿ. ನಾನು ತಿಳಿಯದೆ ಮಾಡಿದೆನೆಂಬದು ನಿಜ. ಆದರೆ ವಿಚಾರಿಸದೆ ಇದ್ದದ್ದು ನನ್ನ ತಪ್ಪೇ.

ಕೆಲವು ತಂದೆತಾಯಿಗಳು, “ನಮ್ಮ ಹುಡುಗಿ ಮರದ ಹೊಟ್ಟು, ಅಂಟು, ಕಸ ಇವುಗಳ ವಿಷಯದಲ್ಲಿ ಓದಬೇಕೆನ್ನುತ್ತಾಳೆ, ಇದು ದೇವರ ಸೇವೆಯೋ?” ಎಂದು ನನ್ನನ್ನು ಕೇಳಿದ್ದುಂಟು. ನಜರೇತಿನ ಬಡಗಿಯ ಮನೆಯಲ್ಲಿ ನಮ್ಮ ರಕ್ಷಕನು ಬೆಳೆದನೆಂಬದನ್ನು ಅವರು ಮರೆಯಬಾರದು. ಈ ಕೆಲಸದಲ್ಲಿ ಕೀರ್ತಿ ಕಡಿಮೆ. ನೂರು ತುಂಡುಗಳನ್ನು ಕುದಿಸಿ, ಅಳೆದು, ಮುರಿದು ಬರೆದಿಡಬೇಕು. ತಾನೇ ವರುಷಗಟ್ಟಲೆ ದುಡಿದು ಮಾಡಿದ ಹಲಗೆಯು ಪರೀಕ್ಷೆಯಲ್ಲಿ ಬಿಟ್ಟುಕೊಂಡರೆ, ಬಿಟ್ಟಿತೆಂದೇ ಬರೆಯಬೇಕು. ಆ ಒಂದು ಗೆರೆಯನ್ನು ಸತ್ಯವಾಗಿ ಬರೆಯುವ ಕೈಯು, ಎಂದಿಗೂ ತನ್ನ ಹೆಸರನ್ನು ಕೇಳದ ಒಬ್ಬ ವಿಧವೆಯ ಮೊಮ್ಮಗುವನ್ನು ಕಾಯುತ್ತದೆ. ಇದು ಸೇವೆಯಲ್ಲದಿದ್ದರೆ ಪೀಠದ ಮೇಲಣ ನನ್ನ ಪ್ರಸಂಗವೂ ಸೇವೆಯಲ್ಲ.

ನಾನು ಆ ವಿಧವೆಯ ಮನೆಗೆ ಹೋಗಿ ಕ್ಷಮೆ ಬೇಡಿ, ಒಳ್ಳೇ ಸೌದೆಯನ್ನು ಕೊಟ್ಟು, ಉಳಿದ ಹಲಗೆಗಳನ್ನು ಹೊತ್ತು ತಂದೆನು. ಅವು ನಮ್ಮ ಅಟ್ಟದ ಮೇಲೆ ತೇವ ತಾಕದ ಹಾಗೆ ಇವೆ. ಸಹೋದರರೇ, ಸಹೋದರಿಯರೇ, ಇಂಥ ಹಲಗೆಯನ್ನು ಒಲೆಗೆ ಹಾಕಬೇಡಿರಿ. ಕೊಳ್ಳುವ ಮುಂಚೆ ಒಳಗೇನಿದೆಯೆಂದು ಕೇಳಿರಿ. ಹಳೆಯ ಪೆಟ್ಟಿಗೆಯನ್ನು ದುರಸ್ತುಮಾಡಬಹುದಾದರೆ ಹೊಸದನ್ನು ಬಯಸಬೇಡಿರಿ.

ಒಂದು ದಿನ ನಮ್ಮ ಪದರಗಳ ನಡುವೆಯೂ ಅಲಗು ಬರುವದು. ಮೇಲಣ ಹೊಳಪನ್ನಲ್ಲ, ಒಳಗಣ ಹಿಡಿತವನ್ನು ನೋಡುವಾತನ ಮುಂದೆ ನಿಲ್ಲತಕ್ಕ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.