ಮುಟ್ಟುವ ಕೈ, ಮುಟ್ಟಬೇಕಾದ ನೆಲ

🌸 *ಇಂದಿನ ಧಮ್ಮ ಚಿಂತನೆ* 🌸



ಬಂಧುಗಳೇ,

ಸೋಣ ಭಿಕ್ಷುವಿಗೆ ಭಗವಾನ್ ಬುದ್ಧರು ಹೇಳಿದ ವೀಣೆಯ ಮಾತು ನಮಗೆಲ್ಲ ಗೊತ್ತಿದೆ. ತಂತಿ ತೀರಾ ಬಿಗಿಯಾದರೂ ನಾದವಿಲ್ಲ, ತೀರಾ ಸಡಿಲಾದರೂ ನಾದವಿಲ್ಲ. ಸಾಧನೆಯೂ ಹಾಗೆಯೇ. ಇಂದು ತಂತಿಯ ಬಗ್ಗೆಯೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ತಂತಿ ಹದವಾಗಿ ಬಿಗಿದಿದೆ, ಸರಿ. ಆದರೆ ಅದು ಯಾವುದಕ್ಕೆ ಕೂಡಿಕೊಂಡಿದೆ?

ಜಾಲಹಳ್ಳಿಯಲ್ಲಿ ನಾನು ಮೈಕ್‌ಸೆಟ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಏಪ್ರಿಲ್ 14 ಹತ್ತಿರ ಬಂದಂತೆ ಜಯಂತಿಗೆ ಹಾಡುವ ಹುಡುಗರ ವಾದ್ಯಗಳು ಬರುತ್ತವೆ. ಹಳೆಯ ಎಲೆಕ್ಟ್ರಿಕ್ ಗಿಟಾರುಗಳೂ ಬರುತ್ತವೆ. ಅವುಗಳ ಬಗ್ಗೆ ದೂರು ಒಂದೇ: 'ಗುಂಯ್' ಅನ್ನುವ ಸದ್ದು ನಿಲ್ಲುವುದಿಲ್ಲ.

ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ವಯರು, ಸಾವಿರಾರು ಸುತ್ತು. ತಂತಿ ಮಿಡಿದರೆ ಅಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಆದರೆ ಸುತ್ತಲಿನ ಲೈಟು, ವಯರುಗಳಲ್ಲಿ ಸೆಕೆಂಡಿಗೆ 50 ಸಲ ಹೊಯ್ದಾಡುವ ಕರೆಂಟಿನ ಸದ್ದೂ ಒಳಗೆ ನುಗ್ಗುತ್ತದೆ. ಬಾರಿಸುವವನ ಮೈಯೇ ಅದನ್ನು ಹಿಡಿದು ಗಿಟಾರಿಗೆ ದಾಟಿಸುತ್ತದೆ. ಇದನ್ನು ತಡೆಯಲು ಒಂದು ಉಪಾಯವಿದೆ. ತಂತಿಗಳು ಕೂರುವ ಬ್ರಿಡ್ಜ್‌ನಿಂದ (ವೀಣೆಯವರು ಇದನ್ನು ಕುದುರೆ ಅನ್ನುತ್ತಾರೆ) ಒಂದು ವಯರನ್ನು ಕಟ್ಟಿಗೆಯೊಳಗೆ ಹಾಯಿಸಿ ಜಾಕಿನ ಅರ್ಥ್‌ಗೆ ಕೂಡಿಸಿರುತ್ತಾರೆ. ಹೊರಗಿನಿಂದ ಅದು ಕಾಣುವುದಿಲ್ಲ. ಬಾರಿಸುವವನ ಬೆರಳು ತಂತಿಗೆ ತಾಗಿದ ಕೂಡಲೇ ಅವನ ಮೈ ಅರ್ಥ್‌ಗೆ ಕೂಡಿಕೊಂಡು ಸದ್ದು ಅಡಗುತ್ತದೆ. ಬೆರಳು ಎತ್ತಿದರೆ ಮತ್ತೆ ಸದ್ದು. ಜಾಕಿನ ಲೋಹ ಮುಟ್ಟಿದಾಗ ಸದ್ದು ಅಡಗಿ, ತಂತಿ ಮುಟ್ಟಿದಾಗ ಅಡಗದಿದ್ದರೆ, ಒಳಗಿನ ವಯರು ಕಡಿದಿದೆ ಎಂದರ್ಥ.

ನಮ್ಮ ಹಿರಿಯರು ಮುಟ್ಟಿದರೆ ನೀರು ಕೆಡುತ್ತದೆ ಎಂದ ನಾಡು ಇದು. ಆ ನೀರನ್ನು ಮುಟ್ಟಲೆಂದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚೌಡಾರ್ ಕೆರೆಗೆ ಹೋದರು. ಮುಟ್ಟಿದರೆ ಗದ್ದಲ ಅಡಗುವ ವಾದ್ಯ ಕಂಡಾಗ ನಮ್ಮಂಥವರಿಗೆ ಖುಷಿಯಾಗುವುದು ಸಹಜ. ಆದರೆ ಅಲ್ಲಿಗೇ ನಿಂತರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ.

ಏಕೆಂದರೆ ಅದೇ ವಯರು ಪ್ರಾಣವನ್ನೂ ತೆಗೆಯಬಲ್ಲದು. ಗಿಟಾರಿನ ಅರ್ಥ್ ಹೋಗಿ ಸೇರುವುದು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ. ಆ ಚೌಕಟ್ಟು ಮೂರನೇ ಪಿನ್ನಿನ ಮೂಲಕ ಭೂಮಿ ಸೇರಬೇಕು. ವಿದೇಶದ ಹಳೆಯ ಆಂಪ್ಲಿಫೈಯರುಗಳಲ್ಲಿ ಎಷ್ಟೋ ಎರಡೇ ಪಿನ್ನಿನವು. ಚೌಕಟ್ಟನ್ನು ಒಂದು ಕೆಪಾಸಿಟರ್ ಮೂಲಕ ಕರೆಂಟಿನ ಲೈನಿಗೇ ಕೂಡಿಸಿರುತ್ತಿದ್ದರು. ಆ ಕೆಪಾಸಿಟರ್ ಕೆಟ್ಟರೆ ಗಿಟಾರಿನ ತಂತಿಗೆ ಕರೆಂಟ್ ಬರುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸ್ಟೇಜಿನ ಮೇಲೆಯೇ ಶಾಕ್ ಹೊಡೆದು ತೀರಿಕೊಂಡರು. ಅವರು ಮುಟ್ಟಿದ ಮೈಕಿಗೆ ಸರಿಯಾದ ಅರ್ಥ್ ಇರಲಿಲ್ಲ.

ಹಾಗಾದರೆ ಮುಟ್ಟುವುದು ಒಳ್ಳೆಯದೋ ಕೆಟ್ಟದ್ದೋ? ಪಟಿಚ್ಚಸಮುಪ್ಪಾದದಲ್ಲಿ ಫಸ್ಸದಿಂದ ವೇದನಾ ಹುಟ್ಟುತ್ತದೆ, ಸ್ಪರ್ಶದಿಂದ ಅನುಭವ. ಅದು ಸುಖವಾಗುವುದೋ ದುಃಖವಾಗುವುದೋ ಮುಟ್ಟುವ ಕೈಯೊಂದನ್ನೇ ಅವಲಂಬಿಸಿಲ್ಲ, ಹಿಂದೆ ಇರುವ ಕಾರಣಗಳನ್ನೂ ಅವಲಂಬಿಸಿದೆ. ವಿಜ್ಞಾನ ಹೇಳುವುದೂ ಇದನ್ನೇ.

ಒಮ್ಮೆ ರಾಯಚೂರಿನ ಹಿರಿಯರೊಬ್ಬರು ತಮ್ಮ ಹಳೆಯ ಗಿಟಾರನ್ನೂ ಅದರ ಆಂಪ್ಲಿಫೈಯರನ್ನೂ ನನ್ನ ಬಳಿ ತಂದಿದ್ದರು. ಬಾರಿಸುವವನು ಬೇರೆ, ದುಡ್ಡು ಕೊಟ್ಟು ಕರೆಸುವ ಹುಡುಗ.

"ತಮ್ಮಾ, ಒಳಗಿನ ಒಂದು ಬೆಸುಗೀನೂ ಬಿಚ್ಚಬ್ಯಾಡ. ಕಂಪನಿ ಬೆಸುಗಿ ಹೋದ್ರ ಬೆಲಿ ಹೋಗ್ತದ," ಅಂದರು.

"ಕಾಕಾ, ಬೆಲಿ ನಿಮ್ದು. ಕೈ ಆ ಹುಡುಗಂದು," ಅಂದೆ.

ಅವರ ಮಾತು ಪೂರ್ತಿ ತಪ್ಪಲ್ಲ. ಹಳೆಯದಕ್ಕೆ ಗೌರವ ಬೇಕು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಅಲ್ಲಿತ್ತು. ಅದರ ಅಕ್ಷರ ಮಾಸಿದೆ ಎಂದು ಯಾರಾದರೂ ಉಳಿ ಹಿಡಿದು ಹೊಸದಾಗಿ ಕೆತ್ತಿದರೆ ನಾವು ಸುಮ್ಮನಿರುತ್ತೇವೆಯೇ? ಆದರೆ ಬಂಡೆಯನ್ನು ನಾವು ಓದುತ್ತೇವೆ, ಗಿಟಾರನ್ನು ಒಬ್ಬನ ಕೈಗೆ ಕೊಡುತ್ತೇವೆ. ನೋಡುವುದಕ್ಕಷ್ಟೇ ಇರುವ ಹಳೆಯ ವಸ್ತು ಇದ್ದ ಹಾಗೇ ಇರಲಿ. ಇನ್ನೊಬ್ಬರ ಕೈಗೆ ಕೊಡುವ ಹಳೆಯ ವಸ್ತುವಿಗೆ ಮಾತ್ರ ಆ ಕೈಯೇ ಪ್ರಮಾಣ. ಹಿಂದಿನಿಂದ ಬಂದಿದೆ ಎಂಬ ಕಾರಣಕ್ಕೇ ಒಪ್ಪಬೇಡಿ ಎಂದು ಕಾಲಾಮರಿಗೆ ಬುದ್ಧರು ಹೇಳಿದ್ದು ವಸ್ತುವಿಗೂ ಸಲ್ಲುತ್ತದೆ, ಆಚಾರಕ್ಕೂ ಸಲ್ಲುತ್ತದೆ.

ಅವರು ಒಪ್ಪಿದರು. ಮೊದಲು ಆಂಪ್ಲಿಫೈಯರಿಗೆ ಮೂರು ಎಳೆಯ ವಯರು ಹಾಕಿ, ತೆಗೆದ ಹಳೆಯ ಕೆಪಾಸಿಟರನ್ನು ಕವರಿನಲ್ಲಿಟ್ಟು ಅವರಿಗೇ ಕೊಟ್ಟೆ. ಆಮೇಲೆ ಗಿಟಾರು. ಕಂಪನಿ ಬೆಸುಗೆ ಮುಟ್ಟದೆ, ಬ್ರಿಡ್ಜಿನ ಕೆಳಗೆ ಕಡಿದಿದ್ದ ತುದಿಯನ್ನು ಮಾತ್ರ ಕೂಡಿಸಿದೆ. ಈ ಕ್ರಮ ಮುಖ್ಯ. ಕುದುರೆಯ ವಯರು ಕಡಿದಿದ್ದರೆ ಬರೀ ಸದ್ದು. ನೆಲದ ವಯರು ಇಲ್ಲದಿದ್ದರೆ ಜೀವಕ್ಕೇ ಅಪಾಯ. ನೆಲವಿಲ್ಲದೆ ಕುದುರೆಯನ್ನು ಕೂಡಿಸುವುದೆಂದರೆ ಅಪಾಯವನ್ನು ಬೆರಳ ತುದಿಗೆ ತಂದಿಟ್ಟಂತೆ.

ಕೆಲವರು ಕೇಳಬಹುದು: ಅಪಾಯವಿದ್ದರೆ ತಂತಿಯನ್ನು ಯಾವುದಕ್ಕೂ ಕೂಡಿಸದೆ ಬಿಟ್ಟರಾಯಿತಲ್ಲ? ಬ್ಯಾಟರಿಯಿಂದ ನಡೆಯುವ ಕೆಲವು ಪಿಕಪ್‌ಗಳಲ್ಲಿ ಹಾಗೆ ಬಿಡುವುದೂ ಉಂಟು. ವಾದ್ಯಕ್ಕೆ ಅದು ನಡೆದೀತು, ಮನುಷ್ಯರಿಗೆ ನಡೆಯದು. ಒಬ್ಬನೇ ಇರುವವನಿಗೆ ಧಮ್ಮ ಬೇಕಿಲ್ಲ, ಇಬ್ಬರು ಕೂಡಿ ಬಾಳುವಲ್ಲಿ ಧಮ್ಮ ಬೇಕೇ ಬೇಕು ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬರೆದಿದ್ದಾರೆ. ದೂರ ಇಟ್ಟು ಕಾಪಾಡುವ ಉಪಾಯ ಜಾತಿಯದು. ಕೂಡಿಸಿ ಕಾಪಾಡುವುದು ಧಮ್ಮದ ದಾರಿ.

ಆದರೆ ಕೂಡಿಸುವುದು ಎಂದರೇನು? ಬಣ್ಣ ಬಳಿದ ಲೋಹಕ್ಕೆ ವಯರು ಒತ್ತಿದರೆ ತಾಗಿದಂತೆ ಕಾಣುತ್ತದೆ, ತಾಗಿರುವುದಿಲ್ಲ. ಬಣ್ಣ ಕರೆಂಟನ್ನು ಬಿಡುವುದಿಲ್ಲ. ಹೊಳೆಯುವ ಲೋಹ ಕಾಣುವ ತನಕ ಕೆರೆಯಲೇಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಬಂಧುತ್ವವಿಲ್ಲದ ಸಮಾನತೆ, ಸ್ವಾತಂತ್ರ್ಯಗಳನ್ನು ಮೇಲೆ ಬಳಿದ ಬಣ್ಣಕ್ಕೇ ಹೋಲಿಸಿದರು. ಜಯಂತಿಯ ಸ್ಟೇಜಿನಲ್ಲಿ ಹೆಗಲ ಮೇಲೆ ಕೈ ಹಾಕಿ ಫೋಟೋ, ಮರುದಿನ ಚಹಾದ ಹೋಟೆಲಿನಲ್ಲಿ ಬೇರೆ ಲೋಟ: ಎಲ್ಲಿ ಹೀಗಿದೆಯೋ ಅಲ್ಲಿ ಬಣ್ಣ ಮಾತ್ರ ತಾಗಿದೆ. ಬೆರಳು ಅವರ ಕಡೆಗಷ್ಟೇ ತೋರಿಸುವುದು ಬೇಡ. ಒಂದೇ ವಿಹಾರದಲ್ಲಿ ತ್ರಿಸರಣ ಹೇಳಿ, ಮಗಳಿಗೆ ಸಂಬಂಧ ನೋಡುವಾಗ ಎಡಗೈ, ಬಲಗೈ ಎಂದು ವಿಚಾರಿಸುವ ಮನೆಗಳು ನಮ್ಮಲ್ಲೂ ಇವೆ. ಆ ಬಣ್ಣ ಕೆರೆಯುವಾಗ ನೋವಾಗುತ್ತದೆ. ಕೆರೆಯದೆ ಬೆಸುಗೆ ಹಿಡಿಯುವುದಿಲ್ಲ.

ಕೊನೆಗೆ ನೆಲದ ಮಾತು. ಅರ್ಥಿಂಗ್ ಮಾಡಲು ಗುಂಡಿ ತೆಗೆದು, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬುತ್ತೇವೆ. ಒಮ್ಮೆ ಮಾಡಿ ಬಿಟ್ಟರೆ ಮುಗಿಯಲಿಲ್ಲ. ಏಪ್ರಿಲ್ ಬಿಸಿಲಿಗೆ ನಮ್ಮ ಎರೆ ನೆಲ ಒಣಗಿ ಬಾಯಿ ಬಿಡುತ್ತದೆ, ಮಣ್ಣು ಪೈಪಿನ ಹಿಡಿತ ಬಿಡುತ್ತದೆ. ಜಯಂತಿಯ ಸ್ಟೇಜು ಏಳುವುದೂ ಅದೇ ಬಿಸಿಲಿನಲ್ಲಿ. ಆಗ ಕೊಡಪಾನ ಹಿಡಿದು ಗುಂಡಿಗೆ ನೀರು ಹಾಕುತ್ತಲೇ ಇರಬೇಕು. ಆ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ. ಶೀಲವೂ ಹಾಗೆಯೇ. ದೀಕ್ಷೆಯ ದಿನ ಸ್ವೀಕರಿಸಿದ ಪಂಚಶೀಲಕ್ಕೆ ದಿನಾಲೂ ನೀರು ಬೇಕು. ಮೈತ್ರಿಯ ಮಾತು ತಂತಿಯಾದರೆ ಶೀಲ ನೆಲ. ಮೊದಲು ನೆಲ, ಆಮೇಲೆ ತಂತಿ.

*ಇಂದಿನ ಅಭ್ಯಾಸ:* ನನ್ನನ್ನು ನಂಬಿ ಮುಟ್ಟುವ ಕೈಗಳು ಯಾರವು? ಅವರಿಗೆ ಕಾಣದ ಜಾಗದಲ್ಲಿ ನಾನು ಏನನ್ನು ಸರಿಮಾಡಬೇಕಿದೆ? ಒಂದನ್ನು ಗುರುತಿಸಿ, ಇಂದೇ ಶುರುಮಾಡೋಣ.

ಭವತು ಸಬ್ಬ ಮಂಗಲಂ. 🙏
ಜೈ ಭೀಮ್. ನಮೋ ಬುದ್ಧಾಯ.