ರಂಗದ ಪ್ರೇಮವೂ ಮನೆಯ ಪ್ರೇಮವೂ

ಯುವಕಯುವತಿಯರ ಅನುರಾಗವನ್ನು ರಂಗದ ಮೇಲೆ ಕಂಡು ಹರ್ಷಿಸುವ ಮನುಷ್ಯನು ಅದನ್ನೇ ತನ್ನ ಮನೆಯಲ್ಲಿ ಕಂಡಾಗ ಕ್ರುದ್ಧನಾಗುವುದೇಕೆ? ಇದು ವಿನೋದಕ್ಕೆ ಹುಟ್ಟಿದ ಪ್ರಶ್ನೆಯಂತೆ ತೋರಿದರೂ ಧರ್ಮವಿಚಾರಕ್ಕೆ ಸೇರಿದ್ದು. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂಥ ಹೋಬಳಿಯ ಊರುಗಳಲ್ಲಿಯೂ ಈಗ ದೀಪ ಹಚ್ಚುವ ಹೊತ್ತಿಗೆ ದೂರದರ್ಶನದ ಧಾರಾವಾಹಿಗಳು ಮೊದಲಾಗುತ್ತವೆ. ಅವುಗಳಲ್ಲಿ ಅನೇಕಕ್ಕೆ ವಸ್ತು ಒಂದೇ: ಇಬ್ಬರು ಎಳೆಯರು, ಮೊದಲು ಕಲಹ, ಬಳಿಕ ಒಲವು, ನಡುವೆ ಹಿರಿಯರ ಅಡ್ಡಿ. ನೋಡುವವರು ಅಜ್ಜಿಯಾಗಲಿ ಮೊಮ್ಮಗಳಾಗಲಿ, ಆ ಜೋಡಿ ಒಂದಾಗಲೆಂದೇ ಹಾರೈಸುವರು.

ಇದು ಒಂದು ಸೀಮೆಯ ರುಚಿಯಲ್ಲ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಟಾಗಲಾಗ್ ಭಾಷೆಯ ಇಂಥ ಧಾರಾವಾಹಿಗಳಿಗೆ ‘ಟೆಲಿಸೆರ್ಯೆ’ ಎಂದು ಹೆಸರು. ಎಳೆಯರ ಪ್ರಣಯವನ್ನು ಕಂಡಾಗ ಮೈಯಲ್ಲಿ ಏಳುವ ಪುಲಕಕ್ಕೆ ಆ ಜನರು ‘ಕಿಲಿಗ್’ ಎನ್ನುತ್ತಾರೆ. ಈ ಪದವು 2016ನೆಯ ಇಸವಿಯಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಪ್ರವೇಶಿಸಿತು. ಭರತಮುನಿಯ ಶಾಸ್ತ್ರವು ಇದನ್ನೇ ರೋಮಾಂಚವೆಂದು ಕರೆದು ಎಂಟು ಸಾತ್ತ್ವಿಕ ಭಾವಗಳಲ್ಲಿ ಎಣಿಸಿತ್ತು.

ಕನ್ನಡಕ್ಕೂ ಈ ಬಗೆಯ ಕಥೆ ಹೊಸದಲ್ಲ. ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಸಿಂಗರಾರ್ಯನು ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿದನು. ಉಪಲಬ್ಧವಾಗಿರುವ ಕನ್ನಡ ನಾಟಕಗಳಲ್ಲಿ ಇದೇ ಮೊದಲನೆಯದೆಂದು ಹೆಸರಾಗಿದೆ. ಶ್ರೀಹರ್ಷನ ‘ರತ್ನಾವಳಿ’ಯೇ ಇದಕ್ಕೆ ಮಾತೃಕೆ. ಗುಟ್ಟಾಗಿ ಬರೆದ ಚಿತ್ರಪಟ, ಕೇಳಿದ ಮಾತನ್ನೆಲ್ಲ ಮತ್ತೆ ಉಲಿದು ಗುಟ್ಟು ರಟ್ಟುಮಾಡುವ ಸಾರಿಕೆ, ಎಡವಟ್ಟಿನ ವಿದೂಷಕ, ಮುನಿದ ಮಹಾರಾಣಿ: ಇಂದಿನ ಧಾರಾವಾಹಿಯ ಸಾಮಗ್ರಿಯೆಲ್ಲವೂ ಆ ‘ರತ್ನಾವಳಿ’ಯಲ್ಲಿಯೇ ಇರುವುದು.

ಹಾಗಾದರೆ ರಂಗಕ್ಕೂ ಮನೆಗೂ ಭೇದವೇನು? ಆಲಂಕಾರಿಕರ ಉತ್ತರವು ಸ್ಪಷ್ಟವಾಗಿದೆ. ರಸಾನುಭವದಲ್ಲಿ ‘ಇದು ನನ್ನದು, ಇದು ಪರರದು’ ಎಂಬ ಬುದ್ಧಿ ಅಳಿಯುತ್ತದೆ. ಇದಕ್ಕೆ ಸಾಧಾರಣೀಕರಣವೆಂದು ಹೆಸರು. ರಂಗದ ಕನ್ಯೆಯು ಯಾರ ಮಗಳೂ ಅಲ್ಲದ್ದರಿಂದ ಪ್ರೇಕ್ಷಕನು ಅವಳ ಹೃದಯವನ್ನು ನಿರ್ಮಲವಾಗಿ ಕಾಣಬಲ್ಲನು. ಮನೆಯಲ್ಲಿ ಮಮಕಾರವು ಹಿಂದಿರುಗುತ್ತದೆ. ಕುಲ, ಭೂಮಿ, ನೆಂಟರ ಮಾತು ಇವೆಲ್ಲವೂ ಮಗಳ ಮುಖಕ್ಕೂ ತಂದೆಯ ಕಣ್ಣಿಗೂ ನಡುವೆ ಬಂದು ನಿಲ್ಲುತ್ತವೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ತಂದೆಯ ಕೋಪವು ಮಮಕಾರವಲ್ಲ, ಹೊಣೆ. ಪ್ರೇಕ್ಷಕನು ಕಥೆ ಮುಗಿದೊಡನೆ ಎದ್ದುಹೋಗುವನು, ತಂದೆಯಾದರೋ ಮುಂದಿನ ಕಷ್ಟವನ್ನೂ ಅನುಭವಿಸಬೇಕು ಎಂಬುದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹೊಣೆಗೂ ಹೆಮ್ಮೆಗೂ ಇರುವ ಅಂತರವನ್ನು ತಿಳಿಯಲು ಒಂದು ಪರೀಕ್ಷೆಯಿದೆ. ‘ರತ್ನಾವಳಿ’ಯಲ್ಲಿ ದಾಸಿಯಂತಿದ್ದ ಸಾಗರಿಕೆಯು ಸಿಂಹಳದ ರಾಜಪುತ್ರಿಯೆಂಬುದು ಅವಳ ರತ್ನಹಾರದಿಂದ ಹೊರಬಿದ್ದ ಬಳಿಕವೇ ರಾಣಿಯು ಅವಳ ಕೈಹಿಡಿದು ರಾಜನಿಗೆ ಒಪ್ಪಿಸುವಳು. ಹುಡುಗಿ ಅದೇ ಹುಡುಗಿ, ಒಲವು ಅದೇ ಒಲವು. ಬದಲಾದುದು ಕುಲದ ತಿಳಿವಳಿಕೆಯೊಂದೇ. ವಿನೋದನಾಟಕಗಳು ಹೀಗೆ ಹಾರವೊಂದನ್ನು ತೋರಿಸಿ ಪ್ರಶ್ನೆಯಿಂದ ಜಾರಿಕೊಳ್ಳುತ್ತವೆ. ಜೀವನದಲ್ಲಿ ಅಂಥ ಹಾರ ಯಾರ ಕೊರಳಲ್ಲಿಯೂ ಸಿಕ್ಕುವುದಿಲ್ಲ. ವರನ ಗುಣ, ದುಡಿಮೆ, ಆರೋಗ್ಯಗಳನ್ನು ವಿಚಾರಿಸುವುದು ಹೊಣೆ. ಅವೆಲ್ಲವೂ ಸರಿಯಿದ್ದಾಗಲೂ ಹಾರವನ್ನೇ ಹುಡುಕುವುದು ಹೆಮ್ಮೆ.

ಆ ಹೆಮ್ಮೆಯು ಬೆಳೆದರೆ ಏನಾಗುವುದೆಂಬುದನ್ನು ದೇಶವು ಕಂಡಿದೆ. ಹೆತ್ತ ಕೈಗಳೇ ಕೊಂದು, ಅದಕ್ಕೆ ಮರ್ಯಾದೆಯೆಂದು ಹೆಸರಿಟ್ಟ ಪ್ರಸಂಗಗಳು ಮಂಡ್ಯದ ಸೀಮೆಯನ್ನೂ ಬಿಟ್ಟಿಲ್ಲ. ವಯಸ್ಕರಾದ ಇಬ್ಬರು ಪರಸ್ಪರ ಒಪ್ಪಿದ ಮೇಲೆ ಮನೆತನದ ಅಥವಾ ಜನಾಂಗದ ಸಮ್ಮತಿ ಅವಶ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ನೆಯ ಇಸವಿಯಲ್ಲಿ ತೀರ್ಪಿತ್ತಿತು. ರಾತ್ರಿ ಕಲ್ಪಿತ ಕನ್ಯೆಗಾಗಿ ಕಣ್ಣೀರಿಟ್ಟವನು ಬೆಳಗ್ಗೆ ಸ್ವಂತ ಮಗಳ ಮಾತನ್ನೂ ಕೇಳದೆಹೋದರೆ, ಆ ಕಣ್ಣೀರಿಗೆ ಬೆಲೆಯೇನು?

ಎಳೆಯರಿಗೂ ಧರ್ಮವೊಂದುಂಟು. ಒಪ್ಪಿಗೆಗೆ ಪ್ರಾಯವು ಬಲಿಯಬೇಕು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಮೈಸೂರು ಸಂಸ್ಥಾನವು 1894ರಲ್ಲಿಯೇ ನಿಷೇಧಿಸಿತು. 2006ರ ಶಾಸನವು ಹೆಣ್ಣಿಗೆ 18, ಗಂಡಿಗೆ 21 ವರ್ಷಗಳನ್ನು ವಿಧಿಸಿದೆ. ಧಾರಾವಾಹಿಯಲ್ಲಿ ಶಾಲೆಯ ಮಕ್ಕಳ ಮೋಹವು ಮಧುರವಾಗಿ ಕಾಣಬಹುದು. ಅದನ್ನು ಮದುವೆಯ ತನಕ ಎಳೆಯುವುದು ಅನರ್ಥಕರ. ಶಾಕುಂತಲದಲ್ಲಿ ಕಾಳಿದಾಸನು ಎರಡು ಪಕ್ಷಕ್ಕೂ ಉಪದೇಶವನ್ನಿಟ್ಟಿದ್ದಾನೆ. ತಾನಿಲ್ಲದಾಗ ನಡೆದ ಗಾಂಧರ್ವವಿವಾಹವನ್ನು ತಿಳಿದ ಕಣ್ವರು ಕೆರಳಲಿಲ್ಲ. ಮಗಳನ್ನು ಹರಸಿ ಪತಿಗೃಹಕ್ಕೆ ಕಳುಹಿದರು. ಆದರೆ ರಾಜನು ಅವಳನ್ನು ಅರಿಯೆನೆಂದಾಗ, ಆಶ್ರಮದ ಶಾರ್ಙ್ಗರವನು ಪರೀಕ್ಷಿಸದೆ ಮಾಡಿದ ಆತುರವನ್ನೇ ಆಕ್ಷೇಪಿಸಿದನು. ಹಿರಿಯರು ಕಣ್ವರನ್ನೂ ಕಿರಿಯರು ಶಾರ್ಙ್ಗರವನ ಮಾತನ್ನೂ ನೆನೆದರೆ ಕಲಹದ ಬಹುಭಾಗ ತಾನಾಗಿ ಕಳೆದೀತು.

ಆಯ್ಕೆಯು ಸರಿಯಾದ ಮಾತ್ರಕ್ಕೆ ಪ್ರೇಮವು ಪೂರ್ಣವಾಗುವುದೂ ಇಲ್ಲ. ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ. ಎಸ್. ನರಸಿಂಹಸ್ವಾಮಿಗಳು 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ನಾಡಿಗಿತ್ತರು. ಧಾರಾವಾಹಿಯ ಕಥೆ ಮದುವೆಯ ಮಂಟಪದಲ್ಲಿ ಮುಗಿಯುವುದಾದರೆ, ಆ ಕವಿತೆಗಳ ಒಲವು ಬಹುಮಟ್ಟಿಗೆ ಮಂಟಪದಿಂದಾಚೆಯದು. ತವರಿಗೆ ಹೋದ ಮಡದಿ, ಸುದ್ದಿ ತರುವ ಬಳೆಗಾರ, ಮಾವನ ಮನೆಯ ಉಪಚಾರ, ಅಲ್ಪವಾದ ಮುನಿಸು: ದಿನದಿನದ ಸಣ್ಣ ಆದರಗಳಿಂದಲೇ ಅಲ್ಲಿ ಪ್ರೇಮವು ಬೆಳೆಯುತ್ತದೆ. ಟಿ. ಎಸ್. ನಾಗಾಭರಣರು ಅದನ್ನು ಚಲನಚಿತ್ರವಾಗಿಸಿದಾಗಲೂ ಜನರು ಅಷ್ಟೇ ಅಕ್ಕರೆಯಿಂದ ಸ್ವೀಕರಿಸಿದರು.

ಆದಕಾರಣ ರಂಗದ ಪ್ರೇಮವನ್ನು ನಿಂದಿಸಬೇಕಾದುದಿಲ್ಲ. ಅದು ಕ್ಷಣಕಾಲವಾದರೂ ಮಮಕಾರವನ್ನು ಕಳೆದು ಅನ್ಯಹೃದಯವನ್ನು ತೋರಿಸುತ್ತದೆ. ಆ ದೃಷ್ಟಿಯಲ್ಲಿ ಎಳ್ಳಷ್ಟನ್ನಾದರೂ ಉಳಿಸಿಕೊಂಡು, ಎದುರಿಗೆ ನಿಂತ ಮಗನ ಅಥವಾ ಮಗಳ ಮಾತನ್ನು ಕೊನೆಯವರೆಗೆ ಕೇಳುವವನೇ ನಿಜವಾದ ಸಹೃದಯನು.